ಬೆವರು ಬರ್ಲಿ, ಬೇಜಾರು ಬೇಡ

ಮೊದ್ಲೇ ಹೇಳ್ಬಿಡ್ತೀನಿ, ನಾನು ಡಾಕ್ಟರೂ ಅಲ್ಲ ಜಿಮ್ ಟ್ರೈನರೂ ಅಲ್ಲ, ಹೊಟ್ಟೆ ಬಂದಿದ್ದ ಒಬ್ಬ ಮಾಮೂಲಿ ಮನುಷ್ಯ, ವಯಸ್ಸು 43, ದಿನಪೂರ್ತಿ ಕೂತು ಮಾಡೋ ಕೆಲಸ. ಮಗಳ ಜೊತೆ ಶಟಲ್, ಅಂದ್ರೆ ಬ್ಯಾಡ್ಮಿಂಟನ್, ಆಡ್ತಾ ಆಡ್ತಾ ಹದಿನಾರು ತಿಂಗಳಲ್ಲಿ 86 ಕೆಜಿಯಿಂದ 77ರ ಆಸುಪಾಸಿಗೆ ಬಂದಿದೀನಿ. ಕೇಳೋಕೆ ಏನೂ ದೊಡ್ಡದು ಅನ್ಸಲ್ಲ, ಲೆಕ್ಕ ಹಾಕಿದ್ರೆ ವಾರಕ್ಕೆ 130 ಗ್ರಾಂ ಬರುತ್ತೆ, ಅಂದ್ರೆ ಜೇಬಲ್ಲಿರೋ ಮೊಬೈಲಿನ ತೂಕಾನೂ ಇಲ್ಲ. ಮೂವತ್ತು ದಿನದಲ್ಲಿ ಹತ್ತು ಕೆಜಿ ಅಂತ ಜಾಹೀರಾತು ಹಾಕೋರು ಇದನ್ನ ಓದಿದ್ರೆ ನಕ್ಬಿಡ್ತಾರೆ. ನಗ್ಲಿ ಬಿಡಿ, ನಾನೂ ಒಂದ್ಸಲ ಆ ದಾರೀಲಿ ಹೋಗಿ ವಾಪಸ್ ಬಂದೋನೇ.

ನಾಲ್ಕು ವರ್ಷದ ಹಿಂದಿನ ಮಾತು. ಚೆಕಪ್ ಮಾಡಿಸಿದಾಗ ಶುಗರ್ ಬಾರ್ಡರಲ್ಲಿದೆ ಅಂದ್ರು, ಹೆದರ್ಕೊಂಡು ಮಾರನೇ ದಿನಾನೇ ಜಿಮ್ ಸೇರಿದೆ. ಬೆಳಗ್ಗೆ ಐದೂವರೆಗೆ ಟ್ರೆಡ್‌ಮಿಲ್ಲು. ಈ ಟ್ರೆಡ್‌ಮಿಲ್ ಅನ್ನೋದಿದ್ಯಲ್ಲ, ಅದರಷ್ಟು ನಿಧಾನವಾದ ಗಡಿಯಾರ ನಾನು ಇನ್ನೊಂದು ನೋಡಿಲ್ಲ. ಕಣ್ಣೆದುರಿಗೇ ಕೆಂಪು ಅಂಕಿ ಓಡ್ತಿರುತ್ತೆ, ಅದನ್ನ ನೋಡ್ಬಾರ್ದು ಅಂತ ಮೇಲೆ ಟವೆಲ್ ಮುಚ್ತಿದ್ದೆ, ಸುಮಾರು ಹೊತ್ತಾಗಿರ್ಬೇಕು ಅಂತ ಮೆಲ್ಲಗೆ ಟವೆಲ್ ತುದಿ ಎತ್ತಿ ನೋಡಿದ್ರೆ ಮೂರು ನಿಮಿಷ ಹತ್ತು ಸೆಕೆಂಡ್ ಆಗಿರೋದು. ಊಟ ಅರ್ಧಕ್ಕೆ ಇಳಿಸಿದೆ, ರಾತ್ರಿ ಊಟಾನೇ ಬಿಟ್ಟೆ, ಮನೇಲಿ ಎಲ್ಲರ ಮೇಲೂ ರೇಗೋದು ಶುರುವಾಯ್ತು, ಎರಡು ತಿಂಗಳಲ್ಲಿ 8 ಕೆಜಿ ಹೋಯ್ತು. ಆಫೀಸಲ್ಲಿ ಭೇಷ್ ಅಂದ್ರು. ಅಕ್ಕ ಒಬ್ಳು ಮಾತ್ರ ವಿಡಿಯೋ ಕಾಲಲ್ಲಿ ನೋಡಿ "ತೂಕ ಎಷ್ಟು ಇಳೀತೋ ಗೊತ್ತಿಲ್ಲ ಕಣೋ, ಮುಖ ಅಂತೂ ಪೂರ್ತಿ ಇಳಿದೋಗಿದೆ" ಅಂದ್ಲು.

ಆಮೇಲೆ ಜ್ವರ ಬಂತು, ಒಂದು ವಾರ ಮಲಗಿದೆ. ಜ್ವರ ಹೋಯ್ತು, ಜಿಮ್ಮಿಗೆ ನಾನು ಹೋಗ್ಲಿಲ್ಲ. ನಿಜ ಹೇಳ್ಬೇಕಂದ್ರೆ ಜ್ವರ ಬಂದ ದಿನ ಒಳಗೊಳಗೇ ಖುಷಿ ಆಗಿತ್ತು, ಸದ್ಯ ನಾಳೆ ಐದು ಗಂಟೆಗೆ ಏಳ್ಬೇಕಾಗಿಲ್ವಲ್ಲ ಅಂತ. ಕಾಯಿಲೆ ಬಿದ್ದಿದ್ದೇ ರಜಾ ಸಿಕ್ಕಂಗೆ ಅನ್ಸೋ ಎಕ್ಸರ್‌ಸೈಜು ಎಷ್ಟು ದಿನ ನಡೀಬೇಕು ಹೇಳಿ. ವರ್ಷ ತುಂಬೋದ್ರೊಳಗೆ ಹೋಗಿದ್ದ 8 ಕೆಜಿ 10 ಆಗಿ ವಾಪಸ್ ಬಂತು, ಬಡ್ಡಿ ಸಮೇತ.

ಆಗ ನನಗೆ ಮನೋಬಲ ಇಲ್ಲ, ನಾನು ಸೋಮಾರಿ ಅಂತ ನನ್ನನ್ನೇ ಬೈಕೊಂಡಿದ್ದೆ. ಆಮೇಲೆ ಒಂದಷ್ಟು ಓದ್ದಾಗ ಗೊತ್ತಾಯ್ತು ಬರೀ ಸೋಮಾರಿತನದ ಕಥೆ ಅಲ್ಲ ಇದು ಅಂತ. ಮೊದಲನೇ ವಾರ ದಡದಡ ಅಂತ ಎರಡು ಮೂರು ಕೆಜಿ ಇಳಿಯುತ್ತಲ್ಲ, ಅದರಲ್ಲಿ ಬಹುಪಾಲು ನೀರು. ನಮ್ಮ ಲಿವರಲ್ಲಿ, ಮಸಲಲ್ಲಿ ಗ್ಲೈಕೋಜನ್ ಅಂತ ಸಕ್ಕರೆ ಸಂಗ್ರಹ ಇರುತ್ತೆ, ಅದರ ಒಂದೊಂದು ಗ್ರಾಮಿನ ಜೊತೆ ಮೂರು ಗ್ರಾಮಿನಷ್ಟು ನೀರು ಅಂಟ್ಕೊಂಡಿರುತ್ತೆ, ಊಟ ಕಮ್ಮಿ ಮಾಡಿದ್ ತಕ್ಷಣ ಮೊದಲು ಖಾಲಿ ಆಗೋದೇ ಅದು. ಕೊಬ್ಬು ಅಷ್ಟು ಸುಲಭಕ್ಕೆ ಹೋಗಲ್ಲ, ಒಂದು ಕೆಜಿ ಕೊಬ್ಬಲ್ಲಿ ಸುಮಾರು 7700 ಕ್ಯಾಲೊರಿ ಕೂತಿರುತ್ತೆ. ಅರ್ಧ ಗಂಟೆ ಜೋರಾಗಿ ನಡೆದ್ರೆ ನನ್ನ ಸೈಜಿನವರಿಗೆ ಖರ್ಚಾಗೋದು 150 ಚಿಲ್ಲರೆ ಅಷ್ಟೇ, 30 ಗ್ರಾಂ ಚಾಕೊಲೇಟ್ ತಿಂದ್ರೆ ಲೆಕ್ಕ ಚುಕ್ತಾ. ಇನ್ನು ಹಸಿವು ಕಟ್ಕೊಂಡು ಬೇಗ ಬೇಗ ಇಳಿಸಿದ್ರೆ ಕೊಬ್ಬಿನ ಜೊತೆ ಮಸಲ್ಲೂ ಕರಗುತ್ತೆ, ವಾಪಸ್ ಬರುವಾಗ ಮಾತ್ರ ಜಾಸ್ತಿ ಬರೋದು ಕೊಬ್ಬೇ. ಅಮೆರಿಕದ ಟಿವೀಲಿ ತೂಕ ಇಳಿಸೋ ಸ್ಪರ್ಧೆ ಒಂದು ಬರ್ತಿತ್ತು, ಅದರಲ್ಲಿ ಭಾಗವಹಿಸಿದ್ದ 14 ಜನರನ್ನ ಆರು ವರ್ಷ ಆದ್ಮೇಲೆ ಪರೀಕ್ಷೆ ಮಾಡಿ 2016ರಲ್ಲಿ ವರದಿ ತಂದ್ರು, ಕೆವಿನ್ ಹಾಲ್ ಅನ್ನೋ ವಿಜ್ಞಾನಿ ಆ ತಂಡದಲ್ಲಿದ್ರು. ಒಬ್ಬರನ್ನ ಬಿಟ್ಟು ಮಿಕ್ಕೋರಿಗೆಲ್ಲ ತೂಕ ವಾಪಸ್ ಬಂದಿತ್ತು, ಅದಕ್ಕಿಂತ ಗಾಬರಿ ಆಗೋ ವಿಷಯ ಏನಂದ್ರೆ ಸುಮ್ನೆ ಕೂತಿದ್ದಾಗ ಅವರ ದೇಹ ಉರಿಸಬೇಕಾಗಿದ್ದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿ ಕಮ್ಮಿ ಉರಿಸ್ತಿತ್ತು. ಬರಗಾಲ ಬಂತು ಅಂದ್ಕೊಂಡು ದೇಹ ಖರ್ಚು ಬಿಗಿ ಹಿಡಿದಿತ್ತು, ಆರು ವರ್ಷ ಆದ್ರೂ ಆ ಪಟ್ಟು ಸಡಿಲಿಸಿರ್ಲಿಲ್ಲ.

ಸರಿ, ಈಗ ಶಟಲ್ ವಿಷಯಕ್ಕೆ ಬರ್ತೀನಿ.

ಮಗಳಿಗೆ ಹನ್ನೆರಡು ವರ್ಷ. ಅವಳ ಜೊತೆ ದಿನಾ ಸಂಜೆ ಆಡ್ತಿದ್ದ ಹುಡುಗಿ ಮನೆ ಖಾಲಿ ಮಾಡ್ಕೊಂಡು ಹೋದ್ಲು. ಇವಳು ಒಂದು ವಾರ ಗೋಡೆ ಜೊತೆ ಆಡಿದ್ಲು, ಆಮೇಲೆ ನನ್ನ ಹತ್ರ ಬಂದು "ಅಪ್ಪಾ, ಹತ್ತೇ ನಿಮಿಷ ಬಾ, ಗೋಡೆ ಯಾವಾಗ್ಲೂ ಗೆಲ್ಲುತ್ತೆ" ಅಂದ್ಲು. ನನಗೆ ಲ್ಯಾಪ್‌ಟಾಪ್ ಮುಚ್ಚೋಕೂ ಮನಸ್ಸಿಲ್ಲ, ಆದ್ರೂ ಹೋದೆ. ಕೆಳಗೆ ವಾಹನ ನಿಲ್ಲಿಸೋ ಜಾಗದಲ್ಲಿ ಒಂದು ಲೈಟು, ಅದರ ಕೆಳಗೆ ನಾವಿಬ್ರು. ಮೊದಲ ನಾಲ್ಕು ಸರ್ವೀಸು ಬ್ಯಾಟಿಗೇ ಸಿಗ್ಲಿಲ್ಲ, ಕಾಕ್ ಮೂಗಿನ ಮುಂದೆ ಬಿದ್ದೋಗ್ತಿತ್ತು, ಅವಳು ಹೊಟ್ಟೆ ಹಿಡ್ಕೊಂಡು ನಗ್ತಿದ್ಲು. ಐದನೇದು ಸಿಕ್ತು, ಎಷ್ಟು ಚೆನ್ನಾಗಿ ಸಿಕ್ತು ಅಂದ್ರೆ ಹೋಗಿ ಮೊದಲನೇ ಮಹಡಿ ಸಜ್ಜಾ ಮೇಲೆ ಕೂತ್ಕೊಳ್ತು. ಅದನ್ನ ಬೀಳಿಸೋಕೆ ಚಪ್ಪಲಿ ಎಸೆದೆ, ಚಪ್ಪಲೀನೂ ಅಲ್ಲೇ ಕೂತ್ಕೊಳ್ತು. ಇನ್ನೊಂದು ಚಪ್ಪಲಿ ಎಸೆಯೋಕೆ ಹೊರಟಿದ್ದೆ, ಮಗಳು ಕೈ ಹಿಡ್ಕೊಂಡ್ಲು. ಬೇರೆ ಕಾಕ್ ತಂದು ಬರಿಗಾಲಲ್ಲಿ ಆಡಿದ್ವಿ. ಮನೆಗೆ ಬಂದಾಗ ಹೆಂಡತಿ ಬಾಗಿಲು ತೆಗೆದು "ಏನ್ರೀ ಇದು, ಒಂಟಿ ಚಪ್ಪಲಿ ಹಿಡ್ಕೊಂಡು ಬರ್ತಿದೀರಾ, ಟೈಮ್ ಎಷ್ಟಾಯ್ತು ನೋಡಿದ್ರಾ" ಅಂದಾಗಲೇ ನನಗೆ ಗೊತ್ತಾಗಿದ್ದು, ಐವತ್ತು ನಿಮಿಷ ಆಗೋಗಿತ್ತು. ಟವೆಲ್ ಎತ್ತಿ ಎತ್ತಿ ಮೂರು ನಿಮಿಷ ನೋಡ್ತಿದ್ದ ಅದೇ ಮನುಷ್ಯ!

ಮಾರನೇ ದಿನ ತೊಡೆ, ಭುಜ, ಇದೆ ಅಂತಾನೇ ಗೊತ್ತಿಲ್ಲದ ಕಡೆಯಲ್ಲೆಲ್ಲ ನೋವು. ಮೆಟ್ಟಿಲು ಇಳಿಯೋವಾಗ ರೇಲಿಂಗ್ ಹಿಡ್ಕೊಂಡು ಅಡ್ಡಡ್ಡ ಇಳಿದೆ. ಆದ್ರೆ ಸಂಜೆ ಏಳಾಗ್ತಿದ್ದಂಗೆ ನಾನೇ ಹೋಗಿ ಮಗಳ ರೂಮಿನ ಬಾಗಿಲು ತಟ್ಟಿದೆ. ಹೋಂವರ್ಕ್ ಇದೆ ಅಪ್ಪಾ ಅಂದ್ಲು, ನನಗೆ ಬೇಜಾರಾಯ್ತು. ಜಿಮ್ಮಲ್ಲಿ ಒಂದು ದಿನಾನೂ ಆಗದೇ ಇದ್ದ ಬೇಜಾರು ಅದು.

ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಇದರ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದಾರೆ. ಹೆದರಿಕೆಗೋ ನಾಚಿಕೆಗೋ ಬಹುಮಾನಕ್ಕೋ ಮಾಡೋ ಕೆಲಸಕ್ಕೂ ಅದರಲ್ಲೇ ಖುಷಿ ಇದೆ ಅಂತ ಮಾಡೋ ಕೆಲಸಕ್ಕೂ ಬಾಳಿಕೆಯಲ್ಲಿ ಬಹಳ ವ್ಯತ್ಯಾಸ ಇರುತ್ತೆ ಅನ್ನೋದು ಅವರ ವಾದದ ತಿರುಳು. ನನ್ನ ಕೇಸಲ್ಲಿ ಟ್ರೆಡ್‌ಮಿಲ್ಲು ಶುಗರ್ ರಿಪೋರ್ಟಿನ ಹೆದರಿಕೆಗೆ, ಹೆದರಿಕೆ ಎರಡು ತಿಂಗಳಿಗೆ ಹಳೇದಾಯ್ತು. ಶಟಲ್ಲು ನಿನ್ನೆ 15-21ರಲ್ಲಿ ಸೋತಿದೀನಿ ಇವತ್ತು ನೋಡ್ಕೊಳ್ತೀನಿ ಅನ್ನೋದಕ್ಕೆ, ಅದು ಹಳೇದಾಗೋದೇ ಇಲ್ಲ. ಅಂದಹಾಗೆ ಸುಮ್ನೆ ಮಜಕ್ಕೆ ಆಡೋ ಶಟಲ್ ಕೂಡ ಜೋರು ನಡಿಗೆಗಿಂತ ಸ್ವಲ್ಪ ಜಾಸ್ತಿನೇ ಕ್ಯಾಲೊರಿ ತಿನ್ನುತ್ತೆ, ಹಂಗಾಗಿ ಆಟ ಆಡಿದ್ರೆ ಏನು ಉಪಯೋಗ ಅನ್ನೋರಿಗೆ ಇದನ್ನ ಹೇಳಿ.

ನಿಮಗೆ ಶಟಲ್ಲೇ ಆಗ್ಬೇಕು ಅಂತ ಏನಿಲ್ಲ. ನಮ್ಮ ಆಫೀಸಲ್ಲಿ ಒಬ್ಬರು ರೂಮಿನ ಬಾಗಿಲು ಹಾಕ್ಕೊಂಡು ಹಾಡು ಹಾಕ್ಕೊಂಡು ಕುಣೀತಾರಂತೆ, ದಿನಾ ಇಪ್ಪತ್ತು ನಿಮಿಷ, ಯಾರಿಗೂ ತೋರಿಸಲ್ಲ. ಇನ್ನೊಬ್ಬರು ಈಜ್ತಾರೆ. ನನ್ನ ಒಬ್ಬ ಸ್ನೇಹಿತನಿಗೆ ಇದ್ಯಾವುದೂ ಬೇಡ, ಅವನಿಗೆ ಜಿಮ್ಮಲ್ಲಿ ಕಬ್ಬಿಣ ಎತ್ತೋದೇ ಸ್ವರ್ಗ, ಟ್ರೆಡ್‌ಮಿಲ್ಲೂ ಇಷ್ಟ ಅಂತಾನೆ, ನನಗೆ ಅರ್ಥ ಆಗಲ್ಲ ಆದ್ರೆ ಅವನಿಗೆ ಅದೇ ಸರಿ. ಗೊತ್ತಾಗ್ತಿಲ್ಲ ಅಂದ್ರೆ ಚಿಕ್ಕವರಿದ್ದಾಗ ಕತ್ತಲಾದ್ರೂ ಮನೆಗೆ ಬರದೇ ಏನು ಆಡಿ ಬೈಸ್ಕೊಂಡಿದ್ರಿ ಅಂತ ನೆನೆಸ್ಕೊಳ್ಳಿ, ಅಲ್ಲಿಂದ ಶುರು ಮಾಡ್ಬಹುದು.

ಮಗಳಿಗೆ ಪರೀಕ್ಷೆ ಇದ್ದಾಗ, ಮಳೆ ಬಂದಾಗ ಏನು ಮಾಡೋದು? ಅದಕ್ಕೆ ಅಕ್ಕ ಇದಾಳೆ. ಅಕ್ಕ ಫೋನ್ ಮಾಡಿದ್ರೆ ನಲವತ್ತು ನಿಮಿಷಕ್ಕೆ ಕಮ್ಮಿ ಇಲ್ಲ, ಮೊದಲೆಲ್ಲ ಸೋಫಾದಲ್ಲಿ ಕಾಲು ಚಾಚ್ಕೊಂಡು ಕೇಳ್ತಿದ್ದೆ. ಈಗ ಒಂದೇ ರೂಲು, ಅಕ್ಕನ ಜೊತೆ ಮಾತು ಅಂದ್ರೆ ನಡ್ಕೊಂಡೇ. ಹೊರಗೆ ಮಳೆ ಇದ್ರೆ ಹಾಲಿನಿಂದ ಅಡುಗೆಮನೆ, ಅಡುಗೆಮನೆಯಿಂದ ಬಾಲ್ಕನಿ. "ಯಾಕೋ ಉಸಿರು ಹಂಗೆ ಬಿಡ್ತಿದೀಯ, ಹುಷಾರಿದೀಯ ತಾನೆ" ಅಂತ ಮೊದಮೊದಲು ಗಾಬರಿ ಆಗ್ತಿದ್ಲು, ಈಗ ಅವಳೂ ಆ ಕಡೆ ನಡೀತಿರ್ತಾಳೆ, ಇಬ್ಬರೂ ಏದುಸಿರು ಬಿಟ್ಕೊಂಡು ಊರಿನವರ ಸುದ್ದಿ ಮಾತಾಡ್ತೀವಿ. ಈ ಉಪಾಯ ನನ್ನದೇ ಅಂದ್ಕೊಂಡಿದ್ದೆ, ಇಲ್ಲ, ಕೇಟಿ ಮಿಲ್ಕ್‌ಮನ್ ಅನ್ನೋ ಅಮೆರಿಕದ ಪ್ರೊಫೆಸರು ಇದನ್ನೇ ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದಾರೆ. ಬಿಡೋಕೆ ಮನಸ್ಸು ಬರದಂಥ ಕಥೆಗಳ ಆಡಿಯೋ ತುಂಬಿಸಿದ ಐಪಾಡನ್ನ ಜಿಮ್ಮಲ್ಲೇ ಇಟ್ರು, ಮುಂದೇನಾಯ್ತು ಅಂತ ಕೇಳ್ಬೇಕು ಅಂದ್ರೆ ಜಿಮ್ಮಿಗೇ ಬರ್ಬೇಕು. ಆ ಗುಂಪಿನವರು ಶುರುವಲ್ಲಿ ಬೇರೆಯವರಿಗಿಂತ 51% ಜಾಸ್ತಿ ಬಂದ್ರಂತೆ. ನಡುವೆ ರಜಾ ಬಂದ್ಮೇಲೆ ಆ ಹುಮ್ಮಸ್ಸು ಇಳಿದೋಯ್ತು ಅನ್ನೋದೂ ಅದರಲ್ಲೇ ಇದೆ, ನನಗೆ ಹಿಡಿಸಿದ್ದು ಆ ಪ್ರಾಮಾಣಿಕತೆ. ಯಾಕಂದ್ರೆ ಎಲ್ಲರಿಗೂ ಆಗೋದೇ ಅದು, ರಜಾ, ಮದುವೆ ಮನೆ, ಜ್ವರ, ಒಂದು ಕೊಂಡಿ ಕಳಚಿದ್ರೆ ಸಾಕು.

ಕೊಂಡಿ ಕಳಚೋದರ ಬಗ್ಗೆ ಇನ್ನೊಂದು. 21 ದಿನ ಮಾಡಿದ್ರೆ ಅಭ್ಯಾಸ ಆಗುತ್ತೆ ಅಂತ ಎಲ್ಲರೂ ಹೇಳ್ತಾರಲ್ಲ, ಅದು ಅಷ್ಟು ನಂಬೋ ಮಾತಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿ ಫಿಲಿಪ್ಪಾ ಲಾಲಿ ಮತ್ತೆ ಅವರ ಜೊತೆಗಾರರು 96 ಜನರನ್ನ ಇಟ್ಕೊಂಡು ನೋಡಿದಾಗ ನಡುಮಟ್ಟಕ್ಕೆ 66 ದಿನ ಬಂತು, ಕೆಲವರಿಗೆ 18 ದಿನ ಸಾಕಾದ್ರೆ ಇನ್ನು ಕೆಲವರ ಲೆಕ್ಕ 254ರವರೆಗೂ ಹೋಯ್ತು. ಮಧ್ಯೆ ಒಂದು ದಿನ ತಪ್ಪಿದ್ರೆ ಅಭ್ಯಾಸ ಬೆಳೆಯೋದಕ್ಕೆ ಹೇಳ್ಕೊಳ್ಳೋ ಅಂಥ ಪೆಟ್ಟೇನೂ ಬೀಳಲಿಲ್ಲ. ಇದು ಓದಿದ್ ದಿನ ನನಗೆ ತಲೆ ಮೇಲಿಂದ ಮೂಟೆ ಇಳಿದಂಗಾಯ್ತು, ಯಾಕಂದ್ರೆ ನಾನು ಒಂದು ದಿನ ತಪ್ಪಿದ್ರೆ ಇನ್ನೇನು ಎಲ್ಲಾ ಹಾಳಾಯ್ತು ಸೋಮವಾರದಿಂದ ಶುರು ಮಾಡೋಣ ಅನ್ನೋ ಪೈಕಿ, ಆ ಸೋಮವಾರ ಬರೋದಿಲ್ಲ ಅಂತ ನಿಮಗೂ ಗೊತ್ತು.

ಹಂಗೇ ಆ ದಿನಕ್ಕೆ ಹತ್ತು ಸಾವಿರ ಹೆಜ್ಜೆ. ಅದು 1965ರಲ್ಲಿ ಜಪಾನಿನ ಒಂದು ಕಂಪನಿ ಮಾರಿದ ಹೆಜ್ಜೆ ಎಣಿಸೋ ಯಂತ್ರದ ಹೆಸರಿಂದ ಬಂದಿದ್ದು, ಮಾನ್‌ಪೋ-ಕೇ ಅಂದ್ರೆ ಹತ್ತು ಸಾವಿರ ಹೆಜ್ಜೆಯ ಮೀಟರು ಅಂತ. ಯಾವ ಡಾಕ್ಟರೂ ಮೊದಲು ಲೆಕ್ಕ ಹಾಕಿ ಕೊಟ್ಟಿದ್ದಲ್ಲ. 2019ರಲ್ಲಿ ವಯಸ್ಸಾದ ಹೆಂಗಸರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ದಿನಕ್ಕೆ 4400 ಹೆಜ್ಜೆಗೇ ಪ್ರಯೋಜನ ಕಾಣಿಸ್ತು, 7500 ಆದ್ಮೇಲೆ ಅದು ಹೆಚ್ಚುಕಮ್ಮಿ ಸಮ ಆಗೋಯ್ತು. ವಿಶ್ವ ಆರೋಗ್ಯ ಸಂಸ್ಥೆಯವರು 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲಾ ಅದರ ಅರ್ಧದಷ್ಟು ಜೋರು ಶ್ರಮ, ಅದರ ಜೊತೆ ಎರಡು ದಿನವಾದ್ರೂ ಮಸಲ್ಲಿಗೆ ಕೆಲಸ. ಒಂದೇ ಸಲಕ್ಕೆ ಹತ್ತು ನಿಮಿಷ ಆಗ್ಲೇಬೇಕು ಅಂತ ಹಿಂದೆ ಇದ್ದ ಷರತ್ತನ್ನೂ ಆಗ ತೆಗೆದಾಕಿದ್ರು. ಮಧ್ಯಮ ಅಂದ್ರೆ ಏನು ಅನ್ನೋದಕ್ಕೆ ವಾಚು ಗೀಚು ಬೇಡ, ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು. ಅಕ್ಕನ ಫೋನು ಸರಿಯಾಗಿ ಅಲ್ಲೇ ಬರುತ್ತೆ ನೋಡಿ.

ಊಟದ ಬಗ್ಗೆ ಜಾಸ್ತಿ ಬರೆಯಲ್ಲ, ಅದರ ಬಗ್ಗೆ ಹೇಳೋರು ಬೇಕಾದಷ್ಟು ಜನ ಇದಾರೆ. ನಾನು ಏನನ್ನೂ ಬಿಟ್ಟಿಲ್ಲ. ತಟ್ಟೇಲಿ ತರಕಾರಿ ಮತ್ತೆ ಪ್ರೊಟೀನಿನ ಪಾಲು ಜಾಸ್ತಿ ಮಾಡಿದೆ, ಸಕ್ಕರೆ ಹಾಕಿದ ಪಾನೀಯ ನಿಲ್ಲಿಸಿದೆ, ಎರಡನೇ ಸಲ ಬಡಿಸ್ಕೊಳ್ಳೋಕೆ ಮುಂಚೆ ಒಂದೈದು ನಿಮಿಷ ಕಾಯ್ತೀನಿ, ಅಷ್ಟೇ. ಸಿಹಿ ವಾರಕ್ಕೆರಡು ಸಲ ತಿಂತೀನಿ, ಕದ್ದು ಅಲ್ಲ, ಎಲ್ಲರ ಮುಂದೇನೇ ಕೂತ್ಕೊಂಡು. ಇವತ್ತು ಆಡಿದೀನಲ್ಲ ಅಂತ ಜಾಸ್ತಿ ತಿನ್ನೋ ಚಟ ಮಾತ್ರ ಬಿಡೋಕೆ ಕಷ್ಟ ಆಯ್ತು, ಮೇಲೆ ಹೇಳಿದ 150 ಕ್ಯಾಲೊರಿ ಲೆಕ್ಕ ನೆನಪಿಸ್ಕೊಂಡು ಬಾಯಿ ಕಟ್ಕೊಳ್ತೀನಿ. ತೂಕ ಇಳಿಸೋದ್ರಲ್ಲಿ ಊಟದ ಪಾಲೇ ದೊಡ್ಡದು, ಇಳಿದಿದ್ದನ್ನ ಹಿಡಿದಿಡೋದ್ರಲ್ಲಿ ಓಡಾಟದ ಪಾಲು ದೊಡ್ಡದಾಗುತ್ತೆ. ಅಮೆರಿಕದಲ್ಲಿ 1994ರಿಂದ ಒಂದು ರಿಜಿಸ್ಟರ್ ಇಟ್ಟಿದಾರೆ, ಕನಿಷ್ಠ ಹದಿಮೂರೂವರೆ ಕೆಜಿ ಇಳಿಸಿ ಒಂದು ವರ್ಷವಾದ್ರೂ ಹಂಗೇ ಉಳಿಸ್ಕೊಂಡವರಿಗೆ ಮಾತ್ರ ಅದರಲ್ಲಿ ಜಾಗ. ಅದರಲ್ಲಿರೋ ಸಾವಿರಾರು ಜನರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ದಿನಕ್ಕೆ ಸರಾಸರಿ ಒಂದು ಗಂಟೆ ಏನಾದ್ರೂ ಮೈ ದಣಿಸ್ತಾರೆ, ಅದರಲ್ಲೂ ಜಾಸ್ತಿ ಜನ ಮಾಡೋದು ಬರೀ ವಾಕಿಂಗು.

ಈಗ ಬಾತ್‌ರೂಮಿನ ಮೂಲೇಲಿರೋ ಆ ತೂಕದ ಮೆಷಿನ್ನು. ಆ ಜಿಮ್ಮಿನ ದಿನಗಳಲ್ಲಿ ನಾನು ದಿನಕ್ಕೆ ಮೂರು ಸಲ ಹತ್ತಿ ಇಳೀತಿದ್ದೆ, ಬೆಳಗ್ಗೆ 79.2 ಇದ್ದಿದ್ದು ರಾತ್ರಿ 80.6 ಆದ್ರೆ ಊಟಾನೇ ಸೇರ್ತಿರ್ಲಿಲ್ಲ. ಒಂದು ಲೀಟರ್ ನೀರು ಕುಡಿದ್ರೆ ಒಂದು ಕೆಜಿ ಏರುತ್ತೆ ಅನ್ನೋ ಅಷ್ಟು ಬುದ್ಧೀನೂ ಇರ್ಲಿಲ್ಲ ನನಗೆ. ಉಪ್ಪು ಜಾಸ್ತಿ ತಿಂದ ಮಾರನೇ ದಿನ ಏರುತ್ತೆ, ಹೊಸ ಎಕ್ಸರ್‌ಸೈಜ್ ಮಾಡಿ ಮೈ ನೋವಿದ್ದಾಗ ಮಸಲ್ಲು ನೀರು ಹಿಡ್ಕೊಂಡು ಏರುತ್ತೆ, ಹೆಂಗಸರಿಗೆ ಮುಟ್ಟಿನ ದಿನದ ಹತ್ತಿರ ಏರುತ್ತೆ, ಇದ್ಯಾವುದೂ ಕೊಬ್ಬಲ್ಲ. ಈಗ ಶನಿವಾರ ಬೆಳಗ್ಗೆ ಎದ್ದ ತಕ್ಷಣ ಒಂದೇ ಸಲ, ಕ್ಯಾಲೆಂಡರಿನ ಆ ದಿನದ ಮನೇಲಿ ಪೆನ್ಸಿಲ್ಲಲ್ಲಿ ಬರೀತೀನಿ, ನಾಲ್ಕು ಶನಿವಾರದ ಸರಾಸರಿ ಮಾತ್ರ ನೋಡ್ತೀನಿ. ಮೂರು ತಿಂಗಳು 81ರಲ್ಲೇ ನಿಂತಿತ್ತು, ಒಂದಿಂಚು ಅಲ್ಲಾಡ್ಲಿಲ್ಲ. ತೂಕ ಇಳಿದಷ್ಟೂ ದೇಹಕ್ಕೆ ಬೇಕಾಗೋ ಕ್ಯಾಲೊರೀನೂ ಇಳಿಯುತ್ತೆ, ಹಂಗಾಗಿ ನಿಲ್ಲೋದು ಸಹಜ. ಹಳೇ ನಾನಾಗಿದ್ರೆ ಅಲ್ಲಿಗೇ ಬಿಟ್ಟಿರ್ತಿದ್ದೆ. ಈ ಸಲ ಬಿಡ್ಲಿಲ್ಲ, ಅದಕ್ಕೆ ದೊಡ್ಡ ಸಂಕಲ್ಪ ಗಿಂಕಲ್ಪ ಏನೂ ಕಾರಣ ಅಲ್ಲ, ಆ ಮೂರು ತಿಂಗಳಲ್ಲೇ ನನ್ನ ಬ್ಯಾಕ್‌ಹ್ಯಾಂಡ್ ಸರಿ ಹೋಗಿತ್ತು ಅನ್ನೋದೇ ಕಾರಣ. ಬೆಲ್ಟಲ್ಲಿ ಒಂದು ತೂತು ಒಳಗೆ ಬಂದಿದ್ದೂ ಅದೇ ಟೈಮಲ್ಲೇ. ರಿಪೋರ್ಟಲ್ಲಿ ಶುಗರ್ರೂ ಬಾರ್ಡರಿಂದ ಈ ಕಡೆಗೆ ಬಂದಿದೆ. 2002ರಲ್ಲಿ ಬಂದ ಒಂದು ಹೆಸರಾಂತ ಅಮೆರಿಕನ್ ಅಧ್ಯಯನದಲ್ಲಿ ಡಯಾಬಿಟಿಸ್ ಅಂಚಿನಲ್ಲಿದ್ದವರಿಗೆ ತೂಕದ 7% ಇಳಿಸೋದು ಮತ್ತೆ ವಾರಕ್ಕೆ 150 ನಿಮಿಷ ಓಡಾಟ, ಇಷ್ಟೇ ಗುರಿ ಕೊಟ್ಟಿದ್ರು, ಕಾಯಿಲೆಗೆ ತಿರುಗೋದು 58% ಕಮ್ಮಿ ಆಯ್ತು, ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆಯಿಂದ 31%. 86 ಕೆಜಿಗೆ 7% ಅಂದ್ರೆ ಬರೀ ಆರು ಕೆಜಿ. ನಾನು ಮೂವತ್ತು ವರ್ಷದವನಿದ್ದಾಗಿನ ಪ್ಯಾಂಟಿಗೆ ವಾಪಸ್ ಇಳೀಬೇಕು ಅಂತ ಒದ್ದಾಡ್ತಿದ್ದೆನಲ್ಲ!

ಈಗ ತೂಕ ಇಳಿಸೋಕೆ ಇಂಜೆಕ್ಷನ್ ಬಂದಿದ್ಯಲ್ಲ ಸಾರ್ ಅಂತ ಕೇಳೋರಿದಾರೆ. ಬಂದಿದೆ, ಕೆಲಸಾನೂ ಮಾಡುತ್ತೆ, ಡಾಕ್ಟರು ಬೇಕು ಅಂದವರಿಗೆ ಬೇಕೇ ಬೇಕು, ಅದನ್ನ ತಗೊಳ್ಳೋರನ್ನ ಅಡ್ಡದಾರಿ ಅಂತ ಆಡ್ಕೊಳ್ಳೋದು ನನಗೆ ಇಷ್ಟ ಆಗಲ್ಲ. ಅಂಥದ್ದೇ ಒಂದು ಇಂಜೆಕ್ಷನ್ ಸೆಮಾಗ್ಲುಟೈಡ್, ಅದನ್ನ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದಿದ್ದರ ಮೂರನೇ ಎರಡು ಪಾಲು ವಾಪಸ್ ಬಂತು ಅಂತ ಅದರ ಅಧ್ಯಯನದಲ್ಲೇ ಇದೆ, ಅದನ್ನ ತಿಳ್ಕೊಂಡು ಶುರು ಮಾಡಿದ್ರೆ ಒಳ್ಳೇದು. ಎದೆ ನೋವು, ಬಿಪಿ, ಮಂಡಿ ತೊಂದರೆ ಇರೋರು ಆಟಕ್ಕೆ ಇಳಿಯೋ ಮುಂಚೆ ಡಾಕ್ಟರನ್ನ ಕೇಳ್ಬಿಡಿ. ವಾರ್ಮಪ್ ಕೂಡ ಬಿಡ್ಬೇಡಿ, ಇದು ಅನುಭವದ ಮಾತು.

ಯಾಕಂದ್ರೆ ಹತ್ತನೇ ತಿಂಗಳಲ್ಲಿ, ವಾರ್ಮಪ್ ಯಾರು ಮಾಡ್ತಾರೆ ಅಂತ ನೇರ ಸ್ಮ್ಯಾಶ್ ಹೊಡೆಯೋಕೆ ಹೋಗಿ ಹಿಮ್ಮಡಿ ಹೊರಳ್ತು. ಊದ್ಕೊಂಡು ಬದನೆಕಾಯಿ ಬಣ್ಣಕ್ಕೆ ಬಂತು, ಮೂರು ವಾರ ಆಟ ಬಂದ್. ಸಂಜೆ ಏಳಾದ್ರೆ ಬಾಲ್ಕನೀಲಿ ಕಾಲು ಸ್ಟೂಲ್ ಮೇಲಿಟ್ಕೊಂಡು ಕೂತ್ಕೊಳ್ತಿದ್ದೆ, ಕೆಳಗೆ ಮಗಳು ಮತ್ತೆ ಗೋಡೆ ಜೊತೆ ಆಡ್ತಿದ್ಲು, ಟಕ್ ಟಕ್ ಸದ್ದು ಕೇಳ್ತಿತ್ತು, ನನಗೆ ಕೈ ಕಡೀತಿತ್ತು. ಜ್ವರ ಬಂದಾಗ ಖುಷಿಪಟ್ಟಿದ್ದು ಆಗ ನೆನಪಾಯ್ತು. ಕೂತಲ್ಲೇ ಎರಡು ನೀರಿನ ಬಾಟ್ಲಿ ಹಿಡ್ಕೊಂಡು ಕೈ ಎತ್ತಿ ಇಳಿಸೋದು ಶುರು ಮಾಡಿದೆ, ಕಾಲು ಸರಿಯಾದ್ಮೇಲೂ ಅದು ಉಳ್ಕೊಂಡಿದೆ, ವಾರಕ್ಕೆ ಎರಡು ಸಲ, ಈಗ ಬಾಟ್ಲಿ ಬದಲು ಡಂಬಲ್ಸ್. ಇದು ಮಜಾ ಏನೂ ಇಲ್ಲ, ಒಪ್ಕೊಳ್ತೀನಿ, ಹದಿನೈದು ನಿಮಿಷಕ್ಕೆ ಮುಗಿಯುತ್ತೆ ಅಂತ ಮಾಡ್ತೀನಿ.

ಹೋದ ಶನಿವಾರ 76.9 ಇತ್ತು, ಈ ಶನಿವಾರ 77.4. ಪೆನ್ಸಿಲ್ಲಲ್ಲಿ ಬರೆದಿಟ್ಟೆ. ಒಂಟಿ ಚಪ್ಪಲಿ ಹೋದ ಮಳೆಗಾಲದಲ್ಲಿ ಜೋರು ಗಾಳಿಗೆ ತಾನಾಗೇ ಕೆಳಗೆ ಬಿತ್ತು. ಸಜ್ಜಾ ಮೇಲೆ ಈಗ ಏಳು ಕಾಕ್ ಇವೆ, ಏಣಿ ಹಾಕಿ ಇಳಿಸ್ಕೊಂಡ್ರೆ ಒಂದು ತಿಂಗಳು ಹೊಸ ಡಬ್ಬ ತರೋದು ಬೇಡ ಅನ್ನೋದು ಮಗಳ ಲೆಕ್ಕ. ಏಣಿ ಯಾರು ಹತ್ತೋದು ಅಂತ ಇನ್ನೂ ತೀರ್ಮಾನ ಆಗಿಲ್ಲ, ಇವತ್ತು ಸೋತವರು ಹತ್ಬೇಕಂತೆ.